ಪ್ಲೈವುಡ್ ಹಡಗಿನಲ್ಲಿ ಅಂಗಿ ಹಿಡಿದವನು

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಜೀವನವಿಡೀ ಗೆರೆ ಎಳೆದು ಹೊಟ್ಟೆ ಹೊರೆದವನು ನಾನು. ಟ್ರೇಸಿಂಗ್ ಹಾಳೆಯ ಮೇಲೆ ಒಂದು ಗೆರೆ ಕೂದಲೆಳೆಯಷ್ಟು ಆಚೆ ಬಿದ್ದರೂ ಬ್ಲೇಡಿನಿಂದ ಕೆರೆದು ತೆಗೆದು ಮತ್ತೆ ಎಳೆಯುವ ರಗಳೆಯ ಮನುಷ್ಯ. ಇಲ್ಲದ್ದನ್ನು ಇದೆ ಎಂದು ತೋರಿಸುವುದು ನಮ್ಮ ಕಸುಬಿನಲ್ಲಿ ಮಹಾಪಾಪ. ಹಾಗಾಗಿ ಆ ರಾತ್ರಿ ಆದದ್ದನ್ನು ಆದಷ್ಟೇ ಹೇಳುತ್ತೇನೆ. ಬಣ್ಣ ಹಚ್ಚಿ ಹೇಳಲು ನನಗೆ ಬರುವುದೂ ಇಲ್ಲ.

ಭೂತ ಪ್ರೇತಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ತಕರಾರಿನವನು. ಕೋಟದ ಕಡೆ ಹುಟ್ಟಿದ ಹುಡುಗನಾಗಿಯೂ ರಾತ್ರಿ ಹಾಡಿಯ ಮರಗಳ ನಡುವೆ ಸಿಳ್ಳೆ ಹಾಕಿಕೊಂಡು ಬಂದು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದೆ. ಈಗ ಸಿಳ್ಳೆ ಹಾಕುವುದಿಲ್ಲ, ಬಿಡಿ.

ಎಂಬತ್ತರ ದಶಕದ ಆರಂಭ. ನನಗಿನ್ನೂ ಮದುವೆಯಾಗಿರಲಿಲ್ಲ. ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿ. ಜೊತೆಗೆ ಊರಿನ ಕಡೆಯವರೇ ಇಬ್ಬರು ಇದ್ದರು, ಇಬ್ಬರೂ ಹೋಟೆಲಿನಲ್ಲಿ ಕೆಲಸ ಮಾಡುವವರು. ನಾನು ಏಳುವಷ್ಟರಲ್ಲಿ ಅವರು ಹೊರಟುಹೋಗಿರುತ್ತಿದ್ದರು. ಅವರು ಬಂದು ಮಲಗುವಾಗ ನನಗೆ ಗಾಢ ನಿದ್ದೆ. ಒಂದೇ ಖೋಲಿಯಲ್ಲಿದ್ದೂ ಮುಖ ನೋಡಿ ಮಾತಾಡುವುದು ಅಪರೂಪ. ಹಗ್ಗದ ಮೇಲೆ ಒದ್ದೆ ಬನಿಯನ್, ಸ್ಟೋವಿನ ಪಕ್ಕ ನನಗೆಂದು ಬಾಳೆಲೆಯಲ್ಲಿ ಕಟ್ಟಿಟ್ಟ ಇಡ್ಲಿ... ಇಷ್ಟೇ ಅವರು ಇದ್ದಾರೆ ಎನ್ನುವುದಕ್ಕೆ ಗುರುತು.

ಆಫೀಸಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ. ನಮ್ಮೂರಿನ ಕನ್ನಡ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಭಾನುವಾರ ಸಂಜೆ ಸ್ಟೇಷನ್ನಿನ ಸೇತುವೆಯ ಮೇಲೆ ಸುಮ್ಮನೆ ನಿಂತು, ಯಾರಾದರೂ ಕುಂದಾಪುರದ ಕಡೆಯವರು ಮಾತಾಡಿಕೊಂಡು ಹೋಗುತ್ತಾರೋ ಎಂದು ಕಿವಿ ಕೊಟ್ಟದ್ದೂ ಉಂಟು. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ. ಇಲ್ಲವಾದರೆ ಮುಂದೆ ನಾನು ಮಾಡಿದ್ದು ನಿಮಗೆ ಹುಚ್ಚು ಅನಿಸುತ್ತದೆ.

ನಮ್ಮದು ಥಾಣೆಯ ಒಂದು ಸಣ್ಣ ಡಿಸೈನ್ ಆಫೀಸು. ನೌಕಾಪಡೆಗೆ, ಆಗಷ್ಟೇ ಹುಟ್ಟಿದ್ದ ಕೋಸ್ಟ್ ಗಾರ್ಡಿಗೆ ಹಡಗು ಕಟ್ಟುವ ಯಾರ್ಡುಗಳಿರುತ್ತವಲ್ಲ, ಅವರಿಗೆ ಹಡಗಿನ ಒಳಗಿನ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಪೈಪು ಎಲ್ಲಿಂದ ಎಲ್ಲಿಗೆ, ಕೇಬಲ್ಲು ಯಾವ ಗೋಡೆಯನ್ನು ತೂರಿ ಹೋಗಬೇಕು, ಗಾಳಿ ಹಾಯುವ ದಪ್ಪ ಕೊಳವೆಗೆ, ಅಂದರೆ ಡಕ್ಟಿಗೆ, ಜಾಗ ಯಾವ ಮೂಲೆಯಲ್ಲಿ ಎಂಬುದೆಲ್ಲ. ಹಡಗು ಎಂದರೆ ಜನ ಬಾವುಟ, ಫಿರಂಗಿ ನೆನೆಯುತ್ತಾರೆ. ನಮಗೆ ಹಡಗು ಎಂದರೆ ಹೊಟ್ಟೆಯೊಳಗಿನ ಕರುಳು ಮಾತ್ರ.

ಹಾಳೆಯ ಮೇಲೆ ಎಲ್ಲವೂ ಹಿಡಿಸುತ್ತದೆ. ಕಬ್ಬಿಣದಲ್ಲಿ ಕಟ್ಟಿದ ಮೇಲೆ ಹಿಡಿಸದೆ ಹೋದರೆ ದೇವರೇ ಗತಿ. ಅದಕ್ಕಾಗಿ ಯಾರ್ಡಿಗೆ ನಕ್ಷೆ ಕೊಡುವ ಮೊದಲು ಇಂಜಿನ್ ರೂಮನ್ನು ಪ್ಲೈವುಡ್ಡಿನಲ್ಲಿ ಇದ್ದಷ್ಟೇ ದೊಡ್ಡದಾಗಿ ಕಟ್ಟಿ ನೋಡುತ್ತಿದ್ದೆವು. ಮಾಕ್‌ಅಪ್ ಎನ್ನುತ್ತಿದ್ದೆವು ಅದಕ್ಕೆ. ಪ್ಲೈವುಡ್ಡಿನ ಗೋಡೆ, ಪ್ಲೈವುಡ್ಡಿನ ಇಂಜಿನು, ರಟ್ಟಿನ ಪೈಪು, ಮರದ ಏಣಿ. ಮಕ್ಕಳಾಟದ ಹಾಗೆ ಕಂಡರೂ ಒಳಗೆ ಹೊಕ್ಕರೆ ಹಡಗೇ.

ಆಫೀಸಿನಲ್ಲಿ ಜಾಗವಿಲ್ಲದ್ದರಿಂದ ಮಾಕ್‌ಅಪ್ ಇದ್ದದ್ದು ಥಾಣೆ-ಬೇಲಾಪುರ ರಸ್ತೆಯಲ್ಲಿ, ಐರೋಲಿಯ ಹತ್ತಿರದ ಒಂದು ಪತ್ರಾಸ್ ತಗಡಿನ ಶೆಡ್ಡಿನಲ್ಲಿ. ಈಗ ಅಲ್ಲಿ ಹೋಗಿ ನೋಡಿದರೆ ನಂಬುವುದಿಲ್ಲ ನೀವು. ಆಗ ಹಗಲು ಲಾರಿಗಳು, ಕಾರ್ಖಾನೆಯ ಬಸ್ಸುಗಳು. ಕತ್ತಲಾದ ಮೇಲೆ ನರಪಿಳ್ಳೆಯಿಲ್ಲ. ಶೆಡ್ಡಿನ ಹಿಂದೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕೆಸರು, ಅದರಾಚೆ ಕಪ್ಪು ನೀರು. ಇಳಿತವಾದಾಗ ಕೊಳೆತ ಮೀನಿನ ನಾತ, ಗಾಳಿ ತಿರುಗಿದರೆ ಕೆಮಿಕಲ್ ಫ್ಯಾಕ್ಟರಿಯ ಖಾರ ವಾಸನೆ. ಶೆಡ್ಡಿನ ಒಳಗೆ ಮಾತ್ರ ಸದಾ ಮರದ ಪುಡಿ ಮತ್ತು ಸರೇಸಿನ ಅಂಟಿನ ವಾಸನೆ ಇರುತ್ತಿತ್ತು.

ಮಾಕ್‌ಅಪ್ ಮುಗಿದ ಮೇಲೆ ಕೊನೆಯದಾಗಿ ಒಂದು ಪರೀಕ್ಷೆ ಇರುತ್ತಿತ್ತು. ನಮ್ಮಲ್ಲಿ ಅದಕ್ಕೆ ಕತ್ತಲೆ ಪರೀಕ್ಷೆ ಎಂದೇ ಹೆಸರು. ಇಂಜಿನ್ ರೂಮಿಗೆ ಬೆಂಕಿ ಬಿತ್ತು, ಹೊಗೆ ತುಂಬಿತು, ಲೈಟು ಹೋಯಿತು, ಬಾಗಿಲಿನ ಕಡೆ ಹೋಗುವ ಹಾಗಿಲ್ಲ ಎಂದುಕೊಳ್ಳಿ. ಆಗ ಕೆಳಗಿರುವ ಮನುಷ್ಯನಿಗೆ ಹಿಂಬದಿಯ ಮೂಲೆಯ ಒಂದು ಏಣಿಯೇ ಗತಿ. ಕಣ್ಣು ಕಾಣದೆ ಆ ಏಣಿ ಹುಡುಕಿ, ಹತ್ತಿ, ಮೇಲಿನ ಮುಚ್ಚಳ ಬಡಿದು ಹೊರಬರಬೇಕು. ಬರುತ್ತಾನೋ ಇಲ್ಲವೋ? ಅಷ್ಟೇ ಪ್ರಶ್ನೆ. ಪ್ಲೈವುಡ್ಡಿನ ಸಂದುಗಳಿಂದ ಹಗಲು ಬೆಳಕು ಒಳಗೆ ಬರುತ್ತಿದ್ದುದರಿಂದ ಈ ಪರೀಕ್ಷೆಯನ್ನು ರಾತ್ರಿಯೇ ಮಾಡಬೇಕಿತ್ತು.

ಮಾಡುತ್ತಿದ್ದವರು ಯಾರು? ನಮ್ಮೊಳಗೇ ಒಬ್ಬರು. ಆಫೀಸಿನ ಪದ್ಧತಿಯೇ ಹಾಗೆ.

ಆ ಸಲದ್ದು ಕೋಸ್ಟ್ ಗಾರ್ಡಿನ ಸಣ್ಣ ಗಸ್ತು ಹಡಗು. ಒಂದೇ ನಮೂನೆಯ ಹಲವು ಹಡಗುಗಳನ್ನು ಸಾಲಾಗಿ ಕಟ್ಟುವುದಿತ್ತು. ಮರುದಿನ ಬೆಳಿಗ್ಗೆ ಸಮವಸ್ತ್ರದ ಅಧಿಕಾರಿಗಳು ಬಂದು ನೋಡಿ ಒಪ್ಪುವುದೆಂದು ನಿಶ್ಚಯವಾಗಿತ್ತು. ಏಣಿಯ ನಡುಭಾಗದಲ್ಲಿ ಒಂದು ಗಾಳಿಯ ಡಕ್ಟು ಅಡ್ಡ ಹಾಯುತ್ತಿತ್ತು. ಬೇರೆಲ್ಲೂ ಜಾಗವಿಲ್ಲವೆಂದು ಯಾರ್ಡಿನವರು ಹಟ ಹಿಡಿದು ಹಾಕಿಸಿದ್ದು. ಬಡಗಿಗಳು ಅದನ್ನು ಕೂರಿಸಿ ಮುಗಿಸುವಾಗಲೇ ಸಂಜೆಯಾಗಿತ್ತು.

ನಮ್ಮ ಮುಖ್ಯಸ್ಥರು ಕರ್ಣಿಕ್ ಸಾಹೇಬರು, ಸಿಡುಕಿನವರಾದರೂ ಒಳ್ಳೆಯವರು. ಹೊರಡುವ ಮೊದಲು ನನ್ನ ಹೆಗಲ ಮೇಲೆ ಕೈ ಹಾಕಿದರು.

"ಅರೇ ಐತಾಳ್, ಇವತ್ತು ರಾತ್ರಿ ಕತ್ತಲೆ ಪರೀಕ್ಷೆ ನೀವೇ ಮುಗಿಸಿಬಿಡಿ. ನಿಮಗೇನು, ಮನೆಯಲ್ಲಿ ಕಾಯುವವರು ಯಾರೂ ಇಲ್ಲವಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ನನಗೆ ಚುಚ್ಚಿತು. ಎಲ್ಲರೂ ಬಸ್ಸು ಹತ್ತಿ ಹೋದರು. ನಾನು ಮತ್ತು ವಾಚ್‌ಮನ್ ಭೀಮರಾಯ ಉಳಿದೆವು.

ಭೀಮರಾಯ ಕಲಬುರಗಿ ಕಡೆಯವನು. ಕನ್ನಡದವನೇ ನಿಜ, ಆದರೆ ಅವನ ಕನ್ನಡ ಅವನದು, ನನ್ನದು ನನ್ನದು. ಮಾತಿಗಿಂತ ಬೀಡಿ ಹೆಚ್ಚು. ಪರೀಕ್ಷೆಯಲ್ಲಿ ಅವನ ಕೆಲಸ ಇಷ್ಟೇ: ಮೇಲೆ ಮುಚ್ಚಳದ ಪಕ್ಕ ಕೂತು ಬಲ್ಬು ಆರಿಸುವುದು, ಒಳಗಿನಿಂದ ಬಡಿದಾಗ ಮುಚ್ಚಳ ತೆರೆಯುವುದು. ಪದ್ಧತಿಯ ಪ್ರಕಾರ ಎರಡು ಸಲ ಮಾಡಬೇಕು, ಒಮ್ಮೆ ಎಡಗಡೆಯ ಇಂಜಿನಿನ ಪಕ್ಕದಿಂದ, ಇನ್ನೊಮ್ಮೆ ಬಲಗಡೆಯದರ ಪಕ್ಕದಿಂದ.

ಮೊದಲನೆಯ ಸಲ ಸಲೀಸಾಗಿ ಬಂದೆ. ಡಕ್ಟಿನ ಹತ್ತಿರ ಬಲಭುಜ ತಗ್ಗಿಸಿ, ತಲೆ ಎಡಕ್ಕೆ ಹೊರಳಿಸಿ ನುಸುಳಬೇಕು. ತಿಂಗಳುಗಟ್ಟಲೆ ಆ ನಕ್ಷೆಯ ಮೇಲೆ ಬಗ್ಗಿ ಕೂತವನಿಗೆ ಅದನ್ನು ಹೇಳಿಕೊಡಬೇಕೇ? ಮೈಗೇ ಗೊತ್ತಿತ್ತು.

"ಪಾಸಾದ್ರಿ ಸಾಹೇಬ್ರ," ಎಂದ ಭೀಮರಾಯ ಹಚ್ಚದ ಬೀಡಿಯನ್ನು ಬಾಯಿಗಿಡುತ್ತಾ.

"ಇನ್ನೊಂದ್ಸಲ ಇದೆ. ಆಮೇಲೆ ಚಹಾ."

ಮತ್ತೆ ಇಳಿದೆ. ಬಲಗಡೆಯ ಮರದ ಇಂಜಿನಿನ ಪಕ್ಕ ಕೂತೆ. ಮೇಲೆ ಮುಚ್ಚಳ ಬಿತ್ತು. ಬಲ್ಬು ಆರಿತು. ಕತ್ತಲು... ಅದು ಇದ್ದದ್ದೇ.

ಅಷ್ಟರಲ್ಲಿ ಹೊರಗೆಲ್ಲೋ ದೂರದಲ್ಲಿ ಗುಂಯ್‌ಗುಡುತ್ತಿದ್ದ ಕಾರ್ಖಾನೆಯ ಸದ್ದು ಪಕ್ಕನೆ ನಿಂತಿತು. ಇಡೀ ರಸ್ತೆಗೇ ಕರೆಂಟು ಹೋಗಿರಬೇಕು. ಹೋದರೇನು, ನಾನು ಹೇಗೂ ಕತ್ತಲೆಯಲ್ಲೇ ಇದ್ದೇನಲ್ಲ ಎಂದು ಒಬ್ಬನೇ ನಕ್ಕೆ. ನನ್ನ ನಗು ನನಗೇ ವಾಪಸು ಕೇಳಿಸಿತು. ಮರದ ಗೋಡೆಗೆ ತಾಗಿ ಬಂದ ಹಾಗೆ ಇರಲಿಲ್ಲ ಅದು. ಕಬ್ಬಿಣಕ್ಕೆ ತಾಗಿದ ಹಾಗಿತ್ತು.

ಎದ್ದು ನಿಂತೆ. ಆಗ ಮೂಗಿಗೆ ಡೀಸೆಲ್ ವಾಸನೆ ಬಡಿಯಿತು.

ಒಂದು ಹನಿ ಡೀಸೆಲ್ ಇರಲಿಲ್ಲ ಸ್ವಾಮಿ ಆ ಶೆಡ್ಡಿನಲ್ಲಿ. ಬೆಂಕಿಯ ಭಯಕ್ಕೆ ಕರ್ಣಿಕ್ ಸಾಹೇಬರು ಸೀಮೆಎಣ್ಣೆಯ ಸ್ಟೋವನ್ನೂ ಹೊರಗಿಡಿಸಿದ್ದರು. ಆದರೆ ವಾಸನೆ ದಟ್ಟವಾಗಿತ್ತು. ಬಿಸಿ ಎಣ್ಣೆ, ಸುಟ್ಟ ರಬ್ಬರು, ಅದರೊಳಗೆ ಉಪ್ಪುನೀರಿನ ಹಸಿ ವಾಸನೆ. ಬೆವರು ಇಳಿಯತೊಡಗಿತು. ಡಿಸೆಂಬರ್ ತಿಂಗಳ ಚಳಿಯಲ್ಲಿ ಸೆಖೆ...

ಆಮೇಲೆ ಉಸಿರು ಕೇಳಿಸಿತು.

ನನ್ನದಲ್ಲ. ನಾನು ಉಸಿರು ಬಿಗಿಹಿಡಿದು ನೋಡಿದೆ. ಎಡಗಡೆಯ ಇಂಜಿನಿನ ಪಕ್ಕ ಯಾರೋ ಸಣ್ಣಗೆ, ಅವಸರವಾಗಿ ಉಸಿರಾಡುತ್ತಿದ್ದರು. ಓಡಿ ಬಂದು ಕೂತವರ ಹಾಗೆ.

"ಯಾರು? ಭೀಮರಾಯಾ?"

ಉಸಿರು ನಿಂತಿತು. ಒಂದು ಕ್ಷಣ ಬಿಟ್ಟು ತೀರಾ ಮೆಲ್ಲಗೆ, ಕಿವಿಯ ಹತ್ತಿರವೆಂಬಂತೆ ಒಂದು ದನಿ ಬಂತು.

"ಹ್ವಾಯ್... ದಾರಿ ಕಾಂತಿಲ್ಲೆ ಮಾರಾಯ್ರೆ."

ಹೇಳಿದರೆ ನಗುತ್ತೀರಿ. ಆ ಕ್ಷಣ ನನಗೆ ಆದದ್ದು ಭಯವಲ್ಲ, ಸಂತೋಷ. ನಮ್ಮೂರಿನ ಕನ್ನಡ! ಕುಂದಾಪುರದ ಪೇಟೆಯಲ್ಲಿ ಬಸ್ಸಿಗೆ ಕಾಯುವವರು ಆಡುವ ಅದೇ ಮಾತು, ಅದೇ ಎಳೆತ. ಎಷ್ಟು ದಿನಗಳಿಂದ ಹಸಿದಿದ್ದೆನೋ, ಯಾರು ಏನು ಎಂದು ಯೋಚಿಸುವ ಮೊದಲೇ ನನ್ನ ಬಾಯಿ ಉತ್ತರ ಕೊಟ್ಟಾಗಿತ್ತು.

"ಹೆದ್ರಬೇಡಿ. ನಾನಿದ್ದೆ ಇಲ್ಲಿ. ನನ್ನ್ ಅಂಗಿ ಹಿಡ್ಕಣಿ, ಹಿಂದೇ ಬನ್ನಿ."

"ಹ್ಞಾ... ಬತ್ತೆ."

ಬೆನ್ನ ಹಿಂದೆ ನನ್ನ ಅಂಗಿಯ ತುದಿಯನ್ನು ಯಾರೋ ಹಿಡಿದರು. ಗಟ್ಟಿಯಾಗಿ ಮುಷ್ಟಿ ಕಟ್ಟಿ ಹಿಡಿದದ್ದು. ಬಟ್ಟೆ ಹೊಟ್ಟೆಗೆ ಬಿಗಿಯಿತು. ಆಗ ನನಗೆ ಎಚ್ಚರವಾಯಿತು. ಈ ಮನುಷ್ಯ ಒಳಗೆ ಬಂದದ್ದು ಹೇಗೆ? ಮೊದಲ ಸಲ ನಾನು ಇಳಿದಾಗ ಇಲ್ಲಿ ಯಾರಿದ್ದರು? ಆದರೂ ಹೇಳುತ್ತೇನೆ, ಆ ಮುಷ್ಟಿಯನ್ನು ಕೊಡವಿಕೊಂಡು ಓಡಬೇಕು ಅನಿಸಲಿಲ್ಲ. ನನಗಿಂತ ಹೆಚ್ಚು ಹೆದರಿದ್ದವನು ಅವನು, ನಡುಗುತ್ತಿದ್ದ. ಆ ನಡುಕ ಬಟ್ಟೆಯ ಮೂಲಕ ನನಗೆ ಗೊತ್ತಾಗುತ್ತಿತ್ತು.

ಗೋಡೆ ತಡವುತ್ತಾ ನಡೆದೆ. ಕೈಗೆ ತಣ್ಣಗೆ ಏನೋ ತಾಗಿತು. ಪ್ಲೈವುಡ್ಡೋ, ತಗಡೋ... ಯೋಚಿಸಲು ಧೈರ್ಯ ಬರಲಿಲ್ಲ. ಏಣಿ ಸಿಕ್ಕಿತು. ಹತ್ತಿದೆ. ಹಿಂದೆ ಇನ್ನೊಂದು ಜೊತೆ ಕಾಲು ಹತ್ತುವ ಸದ್ದು.

ಡಕ್ಟಿನ ಹತ್ತಿರ ಬಂದಾಗ ನನ್ನ ಭುಜ ತಾನಾಗಿಯೇ ತಗ್ಗಿತು, ತಲೆ ಹೊರಳಿತು, ನುಸುಳಿ ಮೇಲೆ ಬಂದುಬಿಟ್ಟೆ. ಹಿಂದೆ ಧಡ್ ಎಂದು ಏನೋ ಬಡಿದ ಸದ್ದಾಯಿತು. ಅಂಗಿ ಜಗ್ಗಿತು.

"ಹ್ವಾಯ್... ನಿಲ್ಲಿ ಮಾರಾಯ್ರೆ... ನಿಲ್ಲಿ..."

ನಿಂತೆ. ಏಣಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯನ್ನು ಕೆಳಗೆ ಚಾಚಿದೆ. ಅಷ್ಟರಲ್ಲಿ ಮುಷ್ಟಿ ಸಡಿಲವಾಯಿತು. ಒಂದೊಂದೇ ಬೆರಳು ಬಿಟ್ಟ ಹಾಗೆ ಬಿಡುತ್ತಾ ಹೋಯಿತು. ನನ್ನ ಕೈಗೆ ಡಕ್ಟಿನ ಮರದ ಅಂಚು ಸಿಕ್ಕಿತು, ಅದರಾಚೆ ಬರೀ ಗಾಳಿ. ಡೀಸೆಲ್ ವಾಸನೆ ಇಲ್ಲ. ಸರೇಸಿನ ವಾಸನೆ ಮಾತ್ರ.

ಮುಚ್ಚಳವನ್ನು ಎರಡೂ ಕೈಯಿಂದ ಬಡಿದೆ. ಭೀಮರಾಯ ತೆರೆದ. ಕರೆಂಟು ಹೋದದ್ದರಿಂದ ಅವನು ಹೊರಗಿನಿಂದ ಕಂದೀಲು ತಂದಿದ್ದ. ನಾನು ಮೇಲೆ ಬಂದ ಮೇಲೂ ಅವನು ಕಂದೀಲು ಹಿಡಿದು ಒಳಗೇ ನೋಡುತ್ತಿದ್ದ.

"ಏನು ನೋಡ್ತೀಯ?"

"ಇಬ್ರು ಹತ್ತಿದಂಗ ಸಪ್ಪಳ ಬಂತಲ್ರಿ," ಎಂದ ಅವನು. "ಇನ್ನೊಬ್ರು ಎಲ್ಲಿ?"

ನಾನು ಅವನ ಕೈಯ ಕಂದೀಲನ್ನು ತೆಗೆದುಕೊಂಡೆ.

ಇಬ್ಬರೂ ಕಂದೀಲು ಹಿಡಿದು ಕೆಳಗಿಳಿದೆವು. ಮೂಲೆ ಮೂಲೆ ನೋಡಿದೆವು. ಎರಡು ಮರದ ಇಂಜಿನು, ರಟ್ಟಿನ ಪೈಪು, ನೆಲದ ಮೇಲೆ ಮರದ ಪುಡಿ. ಪುಡಿಯ ಮೇಲೆ ಹೆಜ್ಜೆಗಳೇನೋ ಇದ್ದವು. ಸಂಜೆಯವರೆಗೂ ಬಡಗಿಗಳು ಓಡಾಡಿದ್ದ ಜಾಗ ಅದು, ಯಾರದೆಂದು ಹೇಳುವುದು? ಮೇಲೆ ಬಂದು ಮುಚ್ಚಳ ಹಾಕಿ ಹೊರಗೆ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಕೂತೆವು. ಬಸ್ಸು ಇರಲಿಲ್ಲ. ಇದ್ದಿದ್ದರೂ ಆ ಕತ್ತಲೆಯಲ್ಲಿ ರಸ್ತೆಯವರೆಗೆ ನಡೆಯುವ ತಾಕತ್ತು ನನ್ನಲ್ಲಿರಲಿಲ್ಲ.

ಚಹಾ ಕುದಿಯುತ್ತಿದ್ದಾಗ ಶೆಡ್ಡಿನೊಳಗಿನಿಂದ ಸದ್ದು ಬಂತು.

ಟಕ್... ಟಕ್... ಟಕ್...

ಮುಚ್ಚಳ ಬಡಿಯುವ ಸದ್ದು. ನಾವು ಪರೀಕ್ಷೆಯಲ್ಲಿ ಬಡಿಯುತ್ತೇವಲ್ಲ, ಅದೇ. ಅವಸರವಿಲ್ಲ. ಮೇಲೆ ಯಾರಾದರೂ ಇದ್ದೇ ಇರುತ್ತಾರೆ, ತೆರೆದೇ ತೆರೆಯುತ್ತಾರೆ ಎಂಬ ನಂಬಿಕೆಯಿಂದ ಬಡಿದ ಹಾಗೆ.

ಭೀಮರಾಯ ನನ್ನ ಮುಖ ನೋಡಲಿಲ್ಲ. "ಇಲಿ ಇರಬೇಕ್ರಿ," ಎಂದ.

"ಇಲಿ ಹೀಗೆ ಬಡೀತದಾ?"

"ನೀವು ಓದಿದವ್ರು. ನೀವು ಇಲಿ ಅನ್ರಿ. ನಾ ಇಲ್ಲೇ ದಿನಾ ರಾತ್ರಿ ಇರಬೇಕು."

ಹೋಗಿ ತೆರೆದೆವು. ಯಾರೂ ಇಲ್ಲ. ಮುಚ್ಚಿ ಬಂದು ಕೂತರೆ ಮತ್ತೆ ಅದೇ ಟಕ್ ಟಕ್. ಕೊನೆಗೆ ನಾನು ಒಬ್ಬನೇ ಎದ್ದು ಹೋದೆ. ಎಲ್ಲಿಂದ ಬಂತೋ ಆ ಧೈರ್ಯ! ಮುಚ್ಚಳ ಎತ್ತಿ, ಒಂದು ಹಲಗೆ ತುಂಡು ಕೊಟ್ಟು ತೆರೆದೇ ನಿಲ್ಲಿಸಿದೆ. ಕಂದೀಲನ್ನು ಅಂಚಿನಲ್ಲಿಟ್ಟೆ. "ತೆರ್ದಿಟ್ಟಿದ್ದೆ. ನಿಧಾನಕ್ಕೆ ಬನ್ನಿ," ಎಂದು ಒಳಗೆ ಬಗ್ಗಿ ಹೇಳಿದೆ.

ಆಮೇಲೆ ಸದ್ದು ಬರಲಿಲ್ಲ. ಹೊರಗೆ ಯಾರೂ ಬರಲೂ ಇಲ್ಲ. ಬೆಳಗಾಗುವವರೆಗೆ ನಾನು ಆ ಸಣ್ಣ ಬೆಳಕನ್ನೇ ನೋಡುತ್ತಾ ಕೂತಿದ್ದೆ. ಭೂಮಿಯ ಮೇಲೆ ನನ್ನಷ್ಟು ಒಂಟಿ ಮನುಷ್ಯ ಆವತ್ತು ಇನ್ನೊಬ್ಬನಿದ್ದರೆ, ಅವನು ಆ ಪ್ಲೈವುಡ್ಡಿನ ಒಳಗಿದ್ದ.

ಆ ರಾತ್ರಿಯೆಲ್ಲ ಒಂದೇ ಯೋಚನೆ. ಭುಜ ತಗ್ಗಿಸಿ ಎಂದು ನಾನೇಕೆ ಅವನಿಗೆ ಹೇಳಲಿಲ್ಲ? ಹೇಳಬೇಕೆಂದು ಹೊಳೆಯಲೇ ಇಲ್ಲ. ನನಗೆ ಅಲ್ಲಿ ಡಕ್ಟು ಅಡ್ಡ ಇದೆ ಅನಿಸಿದ್ದೇ ಇಲ್ಲವಲ್ಲ! ಆಗ ನಮ್ಮ ಪದ್ಧತಿಯ ಹುಳುಕು ಕಣ್ಣಿಗೆ ಬಿತ್ತು. ನಕ್ಷೆ ಬರೆದವರೇ ಕತ್ತಲೆ ಪರೀಕ್ಷೆ ಮಾಡುತ್ತಿದ್ದೆವು. ಬಾಯಿಪಾಠ ಇದ್ದವರಿಗೆ ಕತ್ತಲೆಯೇನು, ಬೆಳಕೇನು? ನಾವು ಯಾವತ್ತೂ ಫೇಲಾಗಿರಲಿಲ್ಲ. ಹಡಗಿನಲ್ಲಿ ಕೆಳಗೆ ನಿಲ್ಲುವ ನಾವಿಕ ನಮ್ಮ ನಕ್ಷೆಯನ್ನು ಜನ್ಮದಲ್ಲಿ ನೋಡಿರುವುದಿಲ್ಲ.

ಬೆಳಿಗ್ಗೆ ಕರ್ಣಿಕ್ ಸಾಹೇಬರು ಬಂದೊಡನೆ ಹೇಳಿದೆ. ದನಿಯ ವಿಷಯ ಬಾಯಿ ಬಿಡಲಿಲ್ಲ. ಹೊಸಬರೊಬ್ಬರಿಂದ ಪರೀಕ್ಷೆ ಮಾಡಿಸೋಣ ಎಂದಷ್ಟೇ ಅಂದೆ.

"ಕಾಯ್ ಐತಾಳ್! ನೀವು ಪಾಸಾದಿರೋ ಇಲ್ಲವೋ?"

"ಪಾಸಾದೆ ಸಾಹೇಬ್. ಅದೇ ತಪ್ಪಾಗಿರೋದು."

"ರಾತ್ರಿ ನಿದ್ದೆ ಬಿಟ್ಟು ತಲೆ ಕೆಟ್ಟಿದೆ ನಿಮಗೆ. ಅಧಿಕಾರಿಗಳ ಎದುರು ಮರ್ಯಾದೆ ತೆಗೀಬೇಡಿ."

ನಮ್ಮ ಗಲಾಟೆ ನಡೆಯುತ್ತಿದ್ದಾಗಲೇ ಹಿರಿಯ ಅಧಿಕಾರಿ ಹಿಂದೆ ಬಂದು ನಿಂತಿದ್ದರು. ಏನು ವಿಷಯ ಎಂದು ಕೇಳಿದರು. ಕರ್ಣಿಕ್ ಸಾಹೇಬರು ಮುಚ್ಚಿಹಾಕಲು ನೋಡಿದರು, ನಾನು ಬಿಡಲಿಲ್ಲ. ಕೆಲಸ ಹೋದರೆ ಹೋಗಲಿ ಎಂಬ ಮೊಂಡುತನ ಬಂದಿತ್ತು ನನಗೆ. ಅಧಿಕಾರಿ ನಕ್ಕರು. ತಮ್ಮ ಜೀಪಿನ ಡ್ರೈವರನ್ನು ಕರೆದರು. ಕೇರಳದ ಗಟ್ಟಿಮುಟ್ಟಾದ ಆಳು. ಅವನ ಟವೆಲಿನಿಂದಲೇ ಅವನ ಕಣ್ಣು ಕಟ್ಟಿ ಕೆಳಗೆ ಕಳಿಸಿದೆವು.

ಏಣಿಯೇನೋ ಅವನಿಗೆ ಸಿಕ್ಕಿತು. ಹತ್ತುವ ಸದ್ದು ಬಂತು. ನಡುವೆ ಧಡ್ ಎಂದಿತು. ರಾತ್ರಿ ನಾನು ಕೇಳಿದ್ದು ಅದೇ ಸದ್ದು. ಡ್ರೈವರ್ ಒಮ್ಮೆ ಹಿಂದೆ ಸರಿದ, ಇನ್ನೊಮ್ಮೆ ನುಗ್ಗಿದ, ಭುಜ ಸಿಕ್ಕಿಹಾಕಿಕೊಂಡಿತು. ಕೊನೆಗೆ ಬಿಡಿಸಿ ಬಿಡಿಸಿ ಎಂದು ಮಲಯಾಳದಲ್ಲಿ ಕೂಗಿಕೊಂಡ. ನಾವು ಟವೆಲು ಕಿತ್ತು ಇಳಿಸಿದಾಗ ಅವನ ಮುಖ ಬಿಳಿಚಿಹೋಗಿತ್ತು.

ಅಧಿಕಾರಿಯ ನಗು ಹೋಗಿತ್ತು. "ಈ ಡಕ್ಟು ಇಲ್ಲಿಂದ ತೆಗೀರಿ," ಎಂದರು.

ಗೆದ್ದೆ ಅಂದುಕೊಂಡಿರಾ? ನಾನೂ ಅಂದುಕೊಂಡೆ. ಒಂದೆರಡು ವಾರದ ಮೇಲೆ ಕರ್ಣಿಕ್ ಸಾಹೇಬರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ಸಿಡುಕಲಿಲ್ಲ. ಅದರಿಂದಲೇ ಏನೋ ಕೆಟ್ಟ ಸುದ್ದಿ ಎಂದು ಗೊತ್ತಾಯಿತು.

"ಬದಲಾವಣೆ ಮೂರನೆಯ ಹಡಗಿನಿಂದ," ಎಂದರು. "ಯಾರ್ಡಿನವರು ಅವಸರಕ್ಕೆ ನಮ್ಮ ಮಾಕ್‌ಅಪ್ ಮುಗಿಯುವವರೆಗೂ ಕಾಯಲಿಲ್ಲ. ಮೊದಲಿನ ಎರಡರ ಕಬ್ಬಿಣ ಆಗಲೇ ಕತ್ತರಿಸಿ ಆಗಿದೆ, ಡಕ್ಟು ಕೂರಿಸಿ ಆಗಿದೆ. ಕೆಲವು ವರ್ಷ ಬಿಟ್ಟು ದೊಡ್ಡ ರಿಪೇರಿಗೆ ಬರುತ್ತವಲ್ಲ, ಆಗ ಸರಿ ಮಾಡುತ್ತಾರಂತೆ."

"ಅಲ್ಲಿಯವರೆಗೆ?"

"ಅಲ್ಲಿಯವರೆಗೆ ಬೆಂಕಿ ಬೀಳದಿರಲಿ ಎಂದು ಗಣಪತಿಗೆ ಕೈ ಮುಗಿಯಿರಿ, ಮತ್ತೇನು!"

ವರ್ಷ ಕಳೆಯಿತು. ಮೊದಲ ಹಡಗನ್ನು ಮುಂಬಯಿಯಲ್ಲಿ ಒಪ್ಪಿಸುವ ದಿನ ನಮ್ಮ ಆಫೀಸಿನ ಕೆಲವರಿಗೂ ಆಮಂತ್ರಣ ಬಂತು. ಬ್ಯಾಂಡು, ಹೂವಿನ ಹಾರ, ಬಿಸಿಲಿಗೆ ಹೊಳೆಯುವ ಬಿಳಿ ಬಣ್ಣ. ಎಲ್ಲರೂ ಮೇಲೆ ಸಮೋಸ ತಿನ್ನುತ್ತಿದ್ದರು. ನಾನು ಮೆಲ್ಲಗೆ ಇಂಜಿನ್ ರೂಮಿಗೆ ಇಳಿದೆ.

ಡೀಸೆಲ್, ಹೊಸ ಪೇಂಟು, ಸೆಖೆ. ಮೂಲೆಯಲ್ಲಿ ಏಣಿ, ಏಣಿಯ ನಡುವೆ ಡಕ್ಟು. ಈ ಸಲ ಎಲ್ಲವೂ ಕಬ್ಬಿಣದ್ದು. ಕೈಯಿಟ್ಟು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಹಿಂದಿಯಲ್ಲಿ ಏನು ಬೇಕು ಎಂದು ಕೇಳಿದರು. ತಿರುಗಿದರೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಮೇಲುಡುಪಿಗೆ ಎಣ್ಣೆ ಮೆತ್ತಿಕೊಂಡವನು. ಸುಮ್ಮನೆ ನೋಡುತ್ತಿದ್ದೇನೆ ಎಂದೆ. ನನ್ನ ಹಿಂದಿಯ ಎಳೆತ ಕೇಳಿದೊಡನೆ ಅವನ ಮುಖ ಅರಳಿತು.

"ನೀವ್ ನಮ್ಮ್ ಬದಿಯವ್ರಾ ಎಂತ?"

"ಹೌದು. ಕೋಟದ ಹತ್ರ."

"ನಾನ್ ಗಂಗೊಳ್ಳಿ! ಇಲ್ಲಿ ಮಾತಾಡುಕೆ ಒಬ್ರೂ ಇಲ್ಲ ಮಾರಾಯ್ರೆ," ಎಂದು ನನ್ನ ಕೈ ಹಿಡಿದುಕೊಂಡ.

ಆ ದನಿಯೇ? ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಅದೇ ಎಳೆತವೇನೋ ಹೌದು, ಆದರೆ ಆ ಕರಾವಳಿಯ ಹುಡುಗರೆಲ್ಲ ಮಾತಾಡುವುದು ಹಾಗೆಯೇ ಅಲ್ಲವೇ?

"ಒಂದ್ ಕೆಲ್ಸ ಮಾಡುವ," ಎಂದೆ. "ಕಣ್ಣ್ ಮುಚ್ಚಿ ಈ ಏಣಿ ಹತ್ತಿ ಕಾಂಬ. ನಾನ್ ಮುಂದೆ ಹೋತೆ. ನೀವ್ ಹಿಂದೆ ಬನ್ನಿ."

ಅವನಿಗೆ ತಮಾಷೆಯೆನಿಸಿತು. ಕರ್ಚೀಫಿನಿಂದ ಕಣ್ಣು ಕಟ್ಟಿಕೊಂಡ. ನಾನು ಹತ್ತಿ, ಡಕ್ಟು ದಾಟಿ, ಮೇಲೆ ನಿಂತೆ. ಅವನು ಬಂದ. ತಲೆ ಹೋಗಿ ಡಕ್ಟಿಗೆ ಬಡಿಯಿತು, ಭುಜ ಸಿಕ್ಕಿಕೊಂಡಿತು.

"ಹ್ವಾಯ್, ನಿಲ್ಲಿ ಮಾರಾಯ್ರೆ!" ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ಬಗ್ಗಿ ಅವನ ಮಣಿಕಟ್ಟು ಹಿಡಿದೆ. ಬಿಸಿಯಾದ, ಬೆವರಿದ, ಜೀವವಿರುವ ಕೈ. ಬ್ಯಾಂಡಿನ ಸದ್ದು ಮೇಲಿನಿಂದ ಬರುತ್ತಿತ್ತು.

"ಬಲದ ಭುಜ ತಗ್ಗಿಸಿ. ತಲೆ ಎಡಕ್ಕೆ. ಹ್ಞಾ, ಈಗ ಬನ್ನಿ."

ನುಸುಳಿ ಬಂದ. ಇನ್ನೊಮ್ಮೆ ಮಾಡಿಸಿದೆ. ಮತ್ತೂ ಮಾಡಿಸಿದೆ. ಕೊನೆಗೆ ಅವನು ಕಣ್ಣು ಕಟ್ಟಿಕೊಂಡೇ ಸರಸರನೆ ಹತ್ತಿ ಬಂದು, "ಸಾಕಾ? ನೀವ್ ಯಾವ್ ಶಾಲೆಯ ಮಾಸ್ತರ್ರು?" ಎಂದು ತಮಾಷೆ ಮಾಡಿದ. ಎರಡನೆಯ ಹಡಗಿನಲ್ಲಿ ನಿಮ್ಮ ಪರಿಚಯದವರು ಯಾರಾದರೂ ಇರುತ್ತಾರೆಯೇ ಎಂದು ಕೇಳಿದೆ. ಟ್ರೇನಿಂಗಿನಲ್ಲಿ ಜೊತೆಗಿದ್ದವರು ಇದ್ದಾರೆ ಎಂದ.

"ಅವ್ರಿಗೂ ಇದನ್ನ ಹೇಳ್ಕೊಡಿ. ಮರೀಬೇಡಿ. ಮೂರನೇದ್ರಿಂದ ಸರಿ ಆತ್ತು. ನಿಮ್ದು, ಅವ್ರದ್ದು, ಎರಡೇ ಹೀಗೆ ಇಪ್ಪುದು."

"ಹ್ಞಾ, ಹೇಳ್ತೆ," ಎಂದ. ಅಷ್ಟರಲ್ಲಿ ಮೇಲೆ ಸೀಟಿ ಊದಿತು, ಓಡಿಹೋದ.

ನಾನು ಅವನ ಹೆಸರು ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ. ಹೆಸರು ಗೊತ್ತಾದರೆ ದಿನಾ ಬೆಳಿಗ್ಗೆ ಪೇಪರಿನಲ್ಲಿ ಅದನ್ನೇ ಹುಡುಕುತ್ತೇನೆಂದು ಹೆದರಿಕೆಯಾಯಿತು.

ಎರಡನೆಯ ಹಡಗನ್ನು ನಾನು ನೋಡಲೇ ಇಲ್ಲ. ಅದನ್ನು ಬೇರೆ ಕರಾವಳಿಯಲ್ಲಿ ಒಪ್ಪಿಸಿದರು, ನಮ್ಮನ್ನು ಕರೆಯಲಿಲ್ಲ. ಕರ್ಣಿಕ್ ಸಾಹೇಬರಲ್ಲಿ ಗೋಗರೆದೆ, ಸ್ವಂತ ಖರ್ಚಿನಲ್ಲಿ ಹೋಗುತ್ತೇನೆಂದೆ. ಅನುಮತಿ ಸಿಗಲಿಲ್ಲ. ಮುಂದೆ ಆ ಆಫೀಸೂ ಮುಚ್ಚಿತು. ದೊಡ್ಡ ರಿಪೇರಿಯಲ್ಲಿ ಡಕ್ಟು ತೆಗೆದರೋ, ಮರೆತರೋ ಗೊತ್ತಿಲ್ಲ. ಆ ಹಡಗುಗಳಲ್ಲಿ ಬೆಂಕಿ ಬಿದ್ದ ಸುದ್ದಿ ನಾನು ಕೇಳಿಲ್ಲ, ಅದೂ ನಿಜ. ಕೇಳದ ಮಾತ್ರಕ್ಕೆ ಆಗಿಲ್ಲ ಎಂದು ಹೇಳಬರುವುದಿಲ್ಲ.

ಗಂಗೊಳ್ಳಿಯ ಹುಡುಗ ಭುಜ ತಗ್ಗಿಸಲು ಕಲಿತ. ಆ ರಾತ್ರಿ ನನ್ನ ಅಂಗಿ ಹಿಡಿದವನಿಗೆ ಅದು ಗೊತ್ತಿರಲಿಲ್ಲ. ಹಾಗಾದರೆ ಅವನು ಇವನಲ್ಲ ಎಂದು ಒಂದು ಮನಸ್ಸು ಹೇಳುತ್ತದೆ. ಮತ್ತೆ ಯಾರು, ಇನ್ನೂ ಬೀಳದ ಬೆಂಕಿಯಿಂದ ಓಡಿ ಬಂದ ಎರಡನೆಯ ಹಡಗಿನವನೇ ಎಂದು ಇನ್ನೊಂದು ಮನಸ್ಸು ಕೇಳುತ್ತದೆ.

ಈಗ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಇರುವ ಮನೆ ನನ್ನದು. ಆದರೂ ಕೆಲವು ರಾತ್ರಿ ಎಚ್ಚರವಾಗಿ ಕೂತುಬಿಡುತ್ತೇನೆ. ಆ ಹುಡುಗ ತನ್ನ ಗೆಳೆಯರಿಗೆ ಹೇಳಿದನೇ? ಹೇಳಿರುತ್ತಾನೆ. ಅಥವಾ ಆ ವಯಸ್ಸಿನ ಹುಡುಗ ಮೇಲೆ ಹೋಗಿ ಸಮೋಸ ತಿನ್ನುವಷ್ಟರಲ್ಲೇ ಮರೆತಿರುತ್ತಾನೆ.